ಪಾಠದ ಹಿಂದೆ ಮುಂದೆ ಇದ್ದದ್ದನ್ನೂ ಉಳಿಸಿಕೊಂಡೆ

ನಮ್ಮ ಮಂಡ್ಯದ ಕಾಲೇಜಿನ ಸ್ಟೋರ್ ರೂಮಿನಲ್ಲಿ ಒಂದು ಟ್ರಂಕಿನ ತುಂಬಾ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ಇದ್ದವು. 1984ರ ಆಗಸ್ಟ್ 15ಕ್ಕೆ ದೂರದರ್ಶನದಲ್ಲಿ ಯುಜಿಸಿಯ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ಶುರುವಾಯಿತಲ್ಲ, ಆ ಪಾಠಗಳನ್ನು ಹಿಂದಿನ ಮೇಷ್ಟ್ರೊಬ್ಬರು ಟಿವಿಯಿಂದ ರೆಕಾರ್ಡ್ ಮಾಡಿಟ್ಟಿದ್ದರು. ಅವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಕ್ಯಾಸೆಟ್ ಓಡಿಸುವ ವಿಸಿಆರ್ ಸಿಕ್ಕಿದ್ದು ಹಿಂದೆ ಮದುವೆ ವಿಡಿಯೊ ತೆಗೆಯುತ್ತಿದ್ದವರೊಬ್ಬರ ಮನೆ ಅಟ್ಟದಲ್ಲಿ. ಮೊದಲು ಕ್ಯಾಸೆಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಟೇಪಿನ ಅಂಚಿಗೆ ಬಿಳಿ ಬೂಷ್ಟು ಕಂಡರೆ ಅದನ್ನು ಒಳ್ಳೆ ವಿಸಿಆರ್‌ಗೆ ಹಾಕಲೇಬಾರದು. ಬೂಷ್ಟು ವಿಸಿಆರ್ ಒಳಗೆ ಟೇಪನ್ನು ಓದುವ ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅಂಥವನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟೆ. ಮಿಕ್ಕವುಗಳ ಹಿಂಬದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ, ಅದನ್ನು ಮುರಿದೆ. ಅದು ಹೋದರೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಏನೂ ಅಳಿಸುವುದಿಲ್ಲ. ಪ್ಲೇ ಮಾಡುವ ಮುಂಚೆ ಟೇಪನ್ನು ಒಮ್ಮೆ ಕೊನೆವರೆಗೆ ಓಡಿಸಿ ವಾಪಸ್ ಸುತ್ತಿಸಿದೆ. ವರ್ಷಗಟ್ಟಲೆ ಒಂದೇ ಕಡೆ ಬಿಗಿದು ಕೂತ ಟೇಪು ಆಗ ಸಡಿಲವಾಗುತ್ತದೆ. ಹೆಡ್ ಒರೆಸಲು ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ನಮ್ಮಲ್ಲಿ ಟಿವಿ ಪ್ರಸಾರಕ್ಕೆ ಇದ್ದದ್ದು ಪಾಲ್ ಪದ್ಧತಿ, ಸೆಕೆಂಡಿಗೆ 25 ಫ್ರೇಮು. ಅದನ್ನು 720×576 ಅಳತೆಯಲ್ಲೇ ಡಿವಿ (ಡಿಜಿಟಲ್ ವಿಡಿಯೊ) ಫೈಲ್ ಮಾಡಿಕೊಂಡೆ. ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಹಿಗ್ಗಿಸಿ ಎಚ್‌ಡಿ ಮಾಡೋಣ ಅಂದವರಿಗೆ ಬೇಡ ಅಂದೆ. ಟೇಪಿನಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು?

ಜಗಳ ಹತ್ತಿದ್ದು ಕತ್ತರಿ ವಿಷಯಕ್ಕೆ. ಪಾಠ ಮಾತ್ರ ಉಳಿಸಿ, ಹಿಂದೆ ಮುಂದೆ ಇರುವುದನ್ನು ತೆಗೆದುಬಿಡಿ ಎಂದರು ಸಹೋದ್ಯೋಗಿಗಳು. ನಾನು ಒಪ್ಪಲಿಲ್ಲ. ಆ ಭೌತಶಾಸ್ತ್ರದ ಪಾಠ ಇವತ್ತು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಆದರೆ ಅದಕ್ಕೆ ಮುಂಚೆ ಬಂದ ಸೋಪಿನ ಜಾಹೀರಾತು, ಉದ್ಘೋಷಕಿಯ ಮಾತು, ನಡುವೆ ಪ್ರಸಾರ ನಿಂತಾಗ ತೋರಿಸಿದ ‘ರುಕಾವಟ್ ಕೇ ಲಿಯೇ ಖೇದ್ ಹೈ’ (ಅಡಚಣೆಗೆ ವಿಷಾದ) ಕಾರ್ಡು ಇನ್ನೆಲ್ಲಿ ಸಿಗಬೇಕು? ಪ್ರಸಾರದ ಇತಿಹಾಸ ಹುಡುಕುವವರಿಗೆ ಬೇಕಾಗುವುದು ಅದೇ ಅಲ್ವಾ? ಪಕ್ಕದ ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ನಡೆಸಿದರು. ಆ ದಿನಗಳ ದನಿ ಕೇಳೋಣ ಅಂತ ಎಷ್ಟು ಹುಡುಕಿದರೂ ನನಗೆ ಒಂದು ತುಣುಕೂ ಸಿಕ್ಕಿಲ್ಲ.

ಹಾಗಾಗಿ ಪೂರ್ತಿ ಫೈಲ್ ಒಂದು, ತರಗತಿಗೆ ಪಾಠದ ತುಂಡು ಬೇರೆ. ಕ್ಯಾಸೆಟ್ ಮೇಲೆ ಮೇಷ್ಟ್ರು ಬರೆದ ಚೀಟಿಯ ಫೋಟೊ ಕೂಡ ಅದೇ ಫೋಲ್ಡರಿನಲ್ಲಿದೆ. ಹಕ್ಕು ನಮ್ಮದಲ್ಲವಾದ್ದರಿಂದ ಯೂಟ್ಯೂಬಿಗೆ ಹಾಕಿಲ್ಲ. ಲೈಬ್ರರಿಯ ಕಂಪ್ಯೂಟರಿನಲ್ಲಿ ಕೂತು ನೋಡಬಹುದು. ಇನ್ನೊಂದು ಹಾರ್ಡ್ ಡಿಸ್ಕ್ ಬೇರೆ ಕಟ್ಟಡದ ಬೀರುವಿನಲ್ಲಿದೆ. ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಶುಚಿ ಮಾಡಬಲ್ಲವರು ಇನ್ನೂ ಸಿಗಬೇಕು.