ಬ್ಯಾಲೆನ್ಸ್ ಟೀಮ್ ತಿದ್ದುವುದು ಹೇಗೆ? ಬಿಟ್ಟಿ ಟರ್ನ್‌ಗಳ ಲೆಕ್ಕ ಹಿಡಿಯಿರಿ

ಪೊಕೆಮಾನ್‌ನ ಸ್ಪರ್ಧಾತ್ಮಕ ಆಟದಲ್ಲಿ ತಂಡಗಳು ಸ್ಥೂಲವಾಗಿ ಮೂರು ಬಗೆ. ಮೊದಲ ಟರ್ನ್‌ನಿಂದಲೇ ಮೈಮೇಲೆ ಬೀಳುವ ಹೈಪರ್ ಅಫೆನ್ಸ್, ಎದುರಾಳಿಯನ್ನು ಸವೆಸಿ ಸವೆಸಿ ಸೋಲಿಸುವ ಸ್ಟಾಲ್, ಇವೆರಡರ ನಡುವಿನ ಬ್ಯಾಲೆನ್ಸ್. ಹೊಸಬರಿಗೆ ಮೂರನೆಯದರ ಮೇಲೆ ಪ್ರೀತಿ ಜಾಸ್ತಿ. ಎಲ್ಲದಕ್ಕೂ ಒಂದು ಉತ್ತರ ಇರುತ್ತದೆ ಎಂಬ ಧೈರ್ಯ. ಆದರೆ ಹೆಚ್ಚಿನ ಬ್ಯಾಲೆನ್ಸ್ ತಂಡಗಳು ಸೋಲುವುದು ಉತ್ತರ ಇಲ್ಲದ್ದಕ್ಕಲ್ಲ. ಉತ್ತರ ಕೊಡುತ್ತಾ ಕೂತು, ಎದುರಾಳಿಗೆ ಮೇಲಿಂದ ಮೇಲೆ ಬಿಟ್ಟಿ ಟರ್ನ್ ದಾನ ಮಾಡುವುದಕ್ಕೆ. ಏನೂ ಕಳೆದುಕೊಳ್ಳದೆ ಎದುರಾಳಿ ಒಳಗೆ ಬಂದು, ತನಗೆ ಬೇಕಾದ್ದನ್ನು ಮಾಡಿಕೊಳ್ಳುವ ಅವಕಾಶವೇ ಬಿಟ್ಟಿ ಟರ್ನ್. ತಂಡ ತಿದ್ದುವ ಕೆಲಸದ ಮುಕ್ಕಾಲು ಪಾಲು ಇವನ್ನು ಹುಡುಕಿ ಮುಚ್ಚುವುದೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕರಡು ತಂಡ ಇಟ್ಟುಕೊಳ್ಳೋಣ. ಒಂಬತ್ತನೇ ತಲೆಮಾರಿನ ಆಟ, ಅಂದರೆ 2022ರಲ್ಲಿ ಬಂದ ಸ್ಕಾರ್ಲೆಟ್ ಮತ್ತು ವಯಲೆಟ್. ಆರಕ್ಕೆ ಆರು ಸಿಂಗಲ್ಸ್, ಅಂದರೆ ಎರಡೂ ಕಡೆ ಆರಾರು ಪೊಕೆಮಾನ್, ಕಣದಲ್ಲಿ ಒಂದು ಸಲಕ್ಕೆ ಒಂದೊಂದೇ. ತಂಡದಲ್ಲಿ ಟಿಂಗ್-ಲು, ಕಾರ್ವಿನೈಟ್, ಟಾಕ್ಸಪೆಕ್ಸ್, ಕ್ಲೆಫೇಬಲ್, ಡ್ರಾಗಪಲ್ಟ್, ಕಿಂಗ್ಯಾಂಬಿಟ್.

ಹಂತ 1: ಪ್ರತಿಯೊಂದಕ್ಕೂ ಒಂದೇ ಸಾಲಿನ ಕೆಲಸ ಬರೆಯಿರಿ

ಇದು ತಂಡದಲ್ಲಿ ಯಾಕಿದೆ ಎಂಬುದಕ್ಕೆ ಒಂದು ಸಾಲು. ಟಿಂಗ್-ಲು ಸ್ಟೆಲ್ತ್ ರಾಕ್ (ಒಳಬರುವ ಎದುರಾಳಿಗೆ ಚುಚ್ಚುವ ಕಲ್ಲು) ಹಾಸಬೇಕು, ಸ್ಪೆಷಲ್ ಏಟು (ಸ್ಪೆಷಲ್ ಅಟ್ಯಾಕ್ ಅಂಕದಿಂದ ಬಲ ಪಡೆಯುವ ಏಟು) ತಡೆಯಬೇಕು. ಕಾರ್ವಿನೈಟ್ ಗ್ರೌಂಡ್ ಟೈಪ್‌ನ ಏಟಿಗೆ ಎದೆ ಕೊಡಬೇಕು (ಯಾವ ಏಟು ಯಾರಿಗೆ ಎಷ್ಟು ತಾಗುತ್ತದೆ ಎಂಬುದನ್ನು ನಿರ್ಧರಿಸುವುದೇ ಟೈಪ್), ಡಿಫಾಗ್ ಮಾಡಬೇಕು, ಅಂದರೆ ಎದುರಾಳಿ ಹಾಸಿದ ಕಲ್ಲು-ಮುಳ್ಳು ಗುಡಿಸಬೇಕು. ಟಾಕ್ಸಪೆಕ್ಸ್ ಪಾಲಿಗೆ ಫೈರ್, ವಾಟರ್, ಫೇರಿ. ಕ್ಲೆಫೇಬಲ್ ಪಾಲಿಗೆ ಡ್ರಾಗನ್, ಡಾರ್ಕ್. ಡ್ರಾಗಪಲ್ಟ್ ವೇಗಕ್ಕೆ; ಬೇಸ್ ಸ್ಪೀಡ್ (ಆ ಜಾತಿಯ ಮೂಲ ವೇಗ) 142. ಆಟ ಮುಗಿಸುವುದು ಕಿಂಗ್ಯಾಂಬಿಟ್: ಬಿದ್ದುಹೋದ ಪ್ರತಿ ಜೊತೆಗಾರನ ಲೆಕ್ಕದಲ್ಲಿ ಅದರ ಏಟಿನ ಬಲ ಶೇ 10ರಂತೆ ಏರುತ್ತದೆ.

ಸಾಲು ಬರೆಯಲು ಬರದೆ ಪೆನ್ನು ನಿಂತರೆ ಆ ಜಾಗ ಖಾಲಿ ಎಂದೇ ಅರ್ಥ. ‘ಚೆನ್ನಾಗಿದೆ ಅಂತ ಹಾಕಿದೆ’ ಎಂಬುದು ಕೆಲಸದ ವಿವರಣೆ ಅಲ್ಲ.

ಈ ಕರಡಿನಲ್ಲಿ 18 ಟೈಪ್‌ಗಳ ಪೈಕಿ ಯಾವುದರ ಏಟು ಬಂದರೂ ತಡೆಯಲು ಯಾರಾದರೂ ಒಬ್ಬರಿದ್ದಾರೆ. ಟೈಪ್ ಚಾರ್ಟ್ ಹಿಡಿದು ನೋಡಿದರೆ ತೂತೇ ಕಾಣದು. ಕಾಯಿಲೆ ಇರುವುದು ಚಾರ್ಟಿನ ಆಚೆ.

ಹಂತ 2: ಯಾರು ಯಾರ ಎದುರು ಪುಕ್ಕಟೆ ಬರುತ್ತಾರೆ?

ಯಾವ ಪೊಕೆಮಾನ್ ಎಷ್ಟು ತಂಡಗಳಲ್ಲಿದೆ ಎಂಬ ಅಂಕಿಅಂಶವನ್ನು ಸ್ಪರ್ಧಾತ್ಮಕ ಆಟಗಾರರ ತಾಣವಾದ ಸ್ಮೋಗನ್ ಪ್ರತಿ ತಿಂಗಳು ಪ್ರಕಟಿಸುತ್ತದೆ. ಅದರ ಮೇಲಿನ ಇಪ್ಪತ್ತು ಹೆಸರು ಬರೆದುಕೊಳ್ಳಿ. ಪ್ರತಿ ಹೆಸರಿಗೂ ಎರಡು ಪ್ರಶ್ನೆ. ಇದರ ಏಟು ತಿಂದು ಒಳಗೆ ಬರಬಲ್ಲವರು ನಮ್ಮಲ್ಲಿ ಯಾರು? ನಮ್ಮ ಆರರಲ್ಲಿ ಎಷ್ಟು ಜನರ ಎದುರು ಇದು ನಿರ್ಭಯವಾಗಿ ಒಳಗೆ ಬರಬಲ್ಲದು? ಮೊದಲನೆಯದನ್ನು ಎಲ್ಲರೂ ಕೇಳಿಕೊಳ್ಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ, ರೋಗ ಸಿಗುವುದು ಮಾತ್ರ ಅಲ್ಲೇ.

ಉದಾಹರಣೆಗೆ, ಎದುರಾಳಿಯ ಗೋಲ್ಡೆಂಗೊವನ್ನು ತೆಗೆದುಕೊಳ್ಳಿ. ಸ್ಟೀಲ್ ಮತ್ತು ಗೋಸ್ಟ್. ತನ್ನನ್ನು ಗುರಿಯಾಗಿಸಿ ಬರುವ ಸ್ಟೇಟಸ್ ಮೂವ್‌ಗಳು (ನೇರ ಏಟು ಕೊಡದ ನಡೆಗಳು) ಅದಕ್ಕೆ ತಾಗುವುದೇ ಇಲ್ಲ. ಟಾಕ್ಸಪೆಕ್ಸ್ ವಿಷ ಹಾಕಲಾರದು. ಕ್ಲೆಫೇಬಲ್‌ನ ಮೂನ್‌ಬ್ಲಾಸ್ಟ್ ಸ್ಟೀಲ್ ಮೇಲೆ ಅರ್ಧಕ್ಕಿಳಿಯುತ್ತದೆ. ಕಾರ್ವಿನೈಟ್‌ನ ಬಾಡಿ ಪ್ರೆಸ್ ಗೋಸ್ಟ್‌ಗೆ ತಾಗದು, ಯು-ಟರ್ನ್ ಕಾಲು ಭಾಗಕ್ಕಿಳಿಯುತ್ತದೆ, ಡಿಫಾಗ್ ಕೂಡ ನಡೆಯದು. ಆರರಲ್ಲಿ ಮೂವರು ಅದಕ್ಕೆ ಕೆಂಪುಗಂಬಳಿ ಹಾಸುತ್ತಿದ್ದಾರೆ. ಬಂದದ್ದು ಸುಮ್ಮನೆ ಕೂರುವುದೂ ಇಲ್ಲ. ಒಂದು ನಾಸ್ಟಿ ಪ್ಲಾಟ್ ಹಾಕಿದರೆ ಸ್ಪೆಷಲ್ ಅಟ್ಯಾಕ್ ದುಪ್ಪಟ್ಟು.

ಈಗ ಮೊದಲ ಪ್ರಶ್ನೆಗೆ ಬನ್ನಿ. ಅದರ ಏಟು ತಿನ್ನಬಲ್ಲವರು ಯಾರು? ಟಿಂಗ್-ಲು, ಮತ್ತು ಫೋಕಸ್ ಬ್ಲಾಸ್ಟ್ ಎಂಬ ಫೈಟಿಂಗ್ ಏಟು ಇಲ್ಲ ಎಂಬ ನಂಬಿಕೆಯ ಮೇಲೆ ಕಿಂಗ್ಯಾಂಬಿಟ್. ಫೈಟಿಂಗ್ ಏಟು ಕಿಂಗ್ಯಾಂಬಿಟ್‌ಗೆ ನಾಲ್ಕು ಪಟ್ಟು ತಾಗುತ್ತದೆ, ಹಾಗಾಗಿ ಆ ನಂಬಿಕೆ ದುಬಾರಿ. ಉಳಿದದ್ದು ಟಿಂಗ್-ಲು ಒಂದೇ. ಪೂರ್ತಿ ಬಂಡವಾಳ (ಇವಿ; ಹಂತ 5 ನೋಡಿ) ಹಾಕಿದರೆ ಅದರ ಎಚ್‌ಪಿ, ಅಂದರೆ ಜೀವದ ಅಂಕ, 514, ನಿಜ. ಆದರೆ ರೆಸ್ಟ್ ಬಿಟ್ಟರೆ ಚೇತರಿಸಿಕೊಳ್ಳುವ ಮೂವ್ ಇಲ್ಲ. ಕಲ್ಲು ಹಾಸುವುದೂ ಅದೇ, ಎಲೆಕ್ಟ್ರಿಕ್ ತಡೆಯುವುದೂ ಅದೇ, ಗೋಲ್ಡೆಂಗೊ ಬಂದಾಗಲೆಲ್ಲ ಓಡಿಬರುವುದೂ ಅದೇ. ಹತ್ತನೇ ಟರ್ನ್ ಹೊತ್ತಿಗೆ ಅರ್ಧ ಜೀವ, ಹದಿನೈದರ ಹೊತ್ತಿಗೆ ತಂಡದ ಬೆನ್ನುಮೂಳೆಯೇ ಇಲ್ಲ.

ನನ್ನ ಅಳತೆ ಇಷ್ಟು: ಹೆಚ್ಚು ಬಳಕೆಯಲ್ಲಿರುವ ಒಂದು ಪೊಕೆಮಾನ್ ನಮ್ಮ ಮೂವರ ಎದುರು ಪುಕ್ಕಟೆ ಬರುತ್ತದಾದರೆ ಆ ಮೂವರಲ್ಲಿ ಒಬ್ಬರು ಹೋಗಲೇಬೇಕು.

ಹಂತ 3: ಒಂದನ್ನೇ ಬದಲಿಸಿ, ಕಳೆದುಕೊಂಡದ್ದನ್ನೂ ಬರೆಯಿರಿ

ಯಾರನ್ನು ಬಿಡುವುದು? ಕಾರ್ವಿನೈಟ್ ಹೋದರೆ ಗ್ರೌಂಡ್ ಏಟಿಗೆ ಯಾರೂ ಇಲ್ಲ. ಟಾಕ್ಸಪೆಕ್ಸ್ ಹೋದರೆ ಫೈರ್ ಮತ್ತು ವಾಟರ್‌ಗೆ ಡ್ರಾಗಪಲ್ಟ್ ಒಂದೇ, ಅದು ಏಟು ತಿನ್ನಲು ಹುಟ್ಟಿದ್ದಲ್ಲ. ಕ್ಲೆಫೇಬಲ್ ಹೋದರೆ? ಡಾರ್ಕ್ ತಡೆಯಲು ಟಿಂಗ್-ಲು ಮತ್ತು ಕಿಂಗ್ಯಾಂಬಿಟ್ ಇವೆ. ಫೈಟಿಂಗ್‌ಗೆ ಟಾಕ್ಸಪೆಕ್ಸ್ ಇದೆ, ಡ್ರಾಗಪಲ್ಟ್‌ಗಂತೂ ಅದು ತಾಗುವುದೇ ಇಲ್ಲ. ಡ್ರಾಗನ್ ತಡೆಯಲು ಸ್ಟೀಲ್‌ಗಳಿವೆ. ಹಾಗಾದರೆ ಹೊರಡಬೇಕಾದ್ದು ಕ್ಲೆಫೇಬಲ್.

ಅದರ ಜಾಗಕ್ಕೆ ಫೈರ್ ಮತ್ತು ಸ್ಟೀಲ್ ಟೈಪ್‌ನ ಹೀಟ್ರಾನ್ ತಂದು ನೋಡಿ. ಗೋಲ್ಡೆಂಗೊದ ಮೇಕ್ ಇಟ್ ರೇನ್ ಇದರ ಮೇಲೆ ಕಾಲು ಭಾಗಕ್ಕಿಳಿಯುತ್ತದೆ, ತಿರುಗಿ ಬೀಳುವ ಮ್ಯಾಗ್ಮಾ ಸ್ಟಾರ್ಮ್ ಎರಡು ಪಟ್ಟು. ಶ್ಯಾಡೋ ಬಾಲ್ ಮಾತ್ರ ಪೂರ್ತಿ ತಾಗುತ್ತದೆ, ಆದ್ದರಿಂದ ಇದನ್ನು ಗೋಲ್ಡೆಂಗೊಗೆ ಖಾಯಂ ಗೋಡೆ ಎಂದುಕೊಳ್ಳಬೇಡಿ. ಬಿಟ್ಟಿ ಟರ್ನ್ ಕೊಡುತ್ತಿದ್ದ ಜಾಗದಲ್ಲಿ ಈಗ ಬೆಂಕಿ ಇದೆ, ಅದೇ ದೊಡ್ಡ ಲಾಭ. ಮ್ಯಾಗ್ಮಾ ಸ್ಟಾರ್ಮ್‌ನ ನಿಖರತೆ 75, ಅಂದರೆ ನಾಲ್ಕರಲ್ಲಿ ಒಂದು ಗುರಿ ತಪ್ಪುತ್ತದೆ. ತಪ್ಪಿದಾಗ ಹಲ್ಲು ಕಡಿಯುವುದಕ್ಕೆ ಸಿದ್ಧರಿರಿ.

ಆದರೆ ಒಂದು ತೂತು ಮುಚ್ಚಿದ ಕೈಯೇ ಇನ್ನೊಂದನ್ನು ತೆರೆದಿದೆ. ಗ್ರೌಂಡ್ ಏಟು ಹೀಟ್ರಾನ್‌ಗೆ ನಾಲ್ಕು ಪಟ್ಟು, ಟಾಕ್ಸಪೆಕ್ಸ್‌ಗೆ ಎರಡು, ಕಿಂಗ್ಯಾಂಬಿಟ್‌ಗೂ ಎರಡು. ಮೊದಲು ಇಬ್ಬರಿಗಿದ್ದ ನೋವು ಈಗ ಮೂವರಿಗೆ. ಗ್ರೌಂಡ್ ಏಟಿನ ಗ್ರೇಟ್ ಟಸ್ಕ್ ಎದುರಿಗಿದ್ದರೆ ಕಾರ್ವಿನೈಟ್ ಒಂದೇ ಸಮ ಓಡಾಡಬೇಕು. ಇತ್ತ ದರಿ, ಅತ್ತ ಪುಲಿ.

ಇಲ್ಲಿ ತಾಳ್ಮೆಗೆಟ್ಟು ಇನ್ನೂ ಇಬ್ಬರನ್ನು ಬದಲಿಸಿದರೆ ಕೈಯಲ್ಲಿರುವುದು ಬೇರೆಯೇ ತಂಡ; ಯಾವ ಬದಲಾವಣೆ ಏನು ಮಾಡಿತು ಎಂಬುದು ಗೊತ್ತಾಗುವುದೇ ಇಲ್ಲ. ಪೊಕೆಮಾನ್ ಹಾಗೇ ಇರಲಿ, ಅದು ಹಿಡಿದಿರುವ ಐಟಂ ನೋಡಿ. ಹೀಟ್ರಾನ್‌ಗೆ ಏರ್ ಬಲೂನ್ ಕೊಟ್ಟರೆ ಬೇರೊಂದು ಏಟು ಬಿದ್ದು ಬಲೂನ್ ಒಡೆಯುವವರೆಗೆ ಗ್ರೌಂಡ್ ತಾಗದು. ಅರ್ತ್‌ಕ್ವೇಕ್‌ನಂಥ ಗ್ರೌಂಡ್ ಏಟನ್ನೇ ನಂಬಿ ಬಂದವರ ಎದುರು ಹೀಟ್ರಾನ್‌ಗೇ ಒಂದು ಬಿಟ್ಟಿ ಟರ್ನ್. ಬೆಲೆ: ಪ್ರತಿ ಟರ್ನ್ ಹದಿನಾರರಲ್ಲಿ ಒಂದು ಭಾಗ ಎಚ್‌ಪಿ ಕೊಡುತ್ತಿದ್ದ ಲೆಫ್ಟೋವರ್ಸ್ ಹೋಯಿತು. ಈ ತಂಡದಲ್ಲಿ ಹೀಟ್ರಾನ್ ಇರುವುದು ಒತ್ತಡ ಹಾಕಲು, ಆದ್ದರಿಂದ ನಾನಾದರೆ ಆ ಬೆಲೆ ಕೊಡುತ್ತೇನೆ.

ಹಂತ 4: ನೆಲದ ಮೇಲಿನ ಮುಳ್ಳು ಮತ್ತು ಐಟಂ

ಸ್ಟೆಲ್ತ್ ರಾಕ್ ಸಾಮಾನ್ಯವಾಗಿ ಒಳಬರುವವರಿಂದ ಶೇ 12.5 ಎಚ್‌ಪಿ ಕೀಳುತ್ತದೆ. ರಾಕ್ ನಾಲ್ಕು ಪಟ್ಟು ತಾಗುವವರಿಗೆ ಅದು ಶೇ 50. ಸ್ಪೈಕ್ಸ್ (ನೆಲಕ್ಕೆ ಹಾಸುವ ಮುಳ್ಳು) ಮೂರು ಪದರ ಬಿದ್ದರೆ ನೆಲದ ಮೇಲಿರುವವರಿಗೆ ಶೇ 25. ಬ್ಯಾಲೆನ್ಸ್ ತಂಡ ಬದುಕುವುದೇ ಸ್ವಿಚ್, ಅಂದರೆ ಕಣದಲ್ಲಿರುವ ಪೊಕೆಮಾನ್ ಬದಲಿಸುವುದರ ಮೇಲೆ, ಆದ್ದರಿಂದ ಈ ಸುಂಕ ಕಟ್ಟುವವರೂ ನಾವೇ. ಕಲ್ಲಿನ ಮೇಲೆ ಒಂದು ಸಲ ಕಾಲಿಟ್ಟರೆ ಲೆಫ್ಟೋವರ್ಸ್‌ನ ಎರಡು ಟರ್ನ್ ದುಡಿಮೆ ಹೋಯಿತು. ಟಾಕ್ಸಪೆಕ್ಸ್‌ಗೆ ಚಿಂತೆಯಿಲ್ಲ, ರಿಜೆನರೇಟರ್ ಎಂಬ ಸಾಮರ್ಥ್ಯ ಇದ್ದರೆ ಹೊರಹೋದಾಗಲೆಲ್ಲ ಮೂರನೇ ಒಂದು ಭಾಗ ವಾಪಸು ಬರುತ್ತದೆ. ಆಟ ಪೂರ್ತಿ ಒಳಗೆ ಹೊರಗೆ ಓಡಾಡುವ ಡ್ರಾಗಪಲ್ಟ್‌ಗೆ ಈ ಮುಳ್ಳು ತಾಗದಂತೆ ಕಾಯುವ ಹೆವಿ-ಡ್ಯೂಟಿ ಬೂಟ್ಸ್ ಒಪ್ಪುತ್ತದೆ.

ಎದುರಾಳಿಯ ಬಳಿ ಗೋಲ್ಡೆಂಗೊ ಇದ್ದಾಗ ನಮ್ಮ ಡಿಫಾಗ್ ಮುಳ್ಳು ತೆಗೆಯುವ ಉಪಾಯವಾಗಿ ಉಳಿಯುವುದಿಲ್ಲ ಎಂಬುದನ್ನೂ ನೆನಪಿಡಿ. ಅಂಥ ಪಂದ್ಯದಲ್ಲಿ ಮೊದಲು ಗೋಲ್ಡೆಂಗೊ ಸಾಯಬೇಕು, ಆಮೇಲೆ ಕಸಗುಡಿಸುವ ಮಾತು.

ಹಂತ 5: ಇವಿಗಳನ್ನು ಕಾರಣವಿಟ್ಟು ಹಂಚಿ

ಇವಿ ಎಂದರೆ ಎಚ್‌ಪಿ, ವೇಗದಂಥ ಸ್ಟ್ಯಾಟ್‌ಗಳನ್ನು ಏರಿಸಲು ನಾವು ಹಂಚುವ ಬಂಡವಾಳ. ಒಂದು ಪೊಕೆಮಾನ್‌ಗೆ ಒಟ್ಟು 510 ಇವಿ, ಒಂದು ಸ್ಟ್ಯಾಟ್‌ಗೆ ಗರಿಷ್ಠ 252. 100ನೇ ಲೆವೆಲ್‌ನಲ್ಲಿ ನಾಲ್ಕು ಇವಿಗೆ ಒಂದು ಅಂಕ. ಎರಡು ಕಡೆ 252 ಸುರಿದು, ಉಳಿದದ್ದನ್ನು ಎಲ್ಲೋ ಎಸೆಯುವುದು ಕರಡಿಗೆ ಸಾಕು, ತಿದ್ದುವಾಗ ಸಾಲದು.

ಒಂದು ಲೆಕ್ಕ ನೋಡಿ. ವೇಗಕ್ಕೆ ಏನೂ ಹಾಕದ ಕಾರ್ವಿನೈಟ್‌ನ ಸ್ಪೀಡ್ 170. ಅಡಮೆಂಟ್ ನೇಚರ್‌ನ (ವೇಗ ಏರಿಸದ ಸ್ವಭಾವದ) ಕಿಂಗ್ಯಾಂಬಿಟ್ ವೇಗಕ್ಕೆ ಪೂರ್ತಿ 252 ಹಾಕಿದರೆ 199. ಕಾರ್ವಿನೈಟ್‌ನ ಸ್ಪೀಡ್‌ಗೆ 120 ಇವಿ ಕೊಟ್ಟರೆ ಸರಿಯಾಗಿ 200. ಆ ಒಂದು ಅಂಕದ ಅಂತರದಿಂದ, ಎದುರಾಳಿ ಕಿಂಗ್ಯಾಂಬಿಟ್ ಬಲ ಏರಿಸುವ ಸೋರ್ಡ್ಸ್ ಡಾನ್ಸ್ ಹಾಕಲು ನೋಡಿದರೆ ನಮ್ಮ ಬಾಡಿ ಪ್ರೆಸ್ ಮೊದಲು, ಅದೂ ನಾಲ್ಕು ಪಟ್ಟು. ವೇಗ ಏರಿಸುವ ಜಾಲಿ ನೇಚರ್ ಆದರೆ ಅದರ ವೇಗ 218, ಆಗ ಈ 120 ದಂಡ. ಅದರ ಸಕ್ಕರ್ ಪಂಚ್ ಹೇಗೂ ಮೊದಲೇ ಬೀಳುತ್ತದೆ, ಆದರೆ ಅದು ತಾಗುವುದು ನಾವು ಏಟು ಹಾಕಲು ಹೊರಟಾಗ ಮಾತ್ರ; ಆ ಟರ್ನ್‌ನಲ್ಲಿ ಜೀವ ತುಂಬುವ ರೂಸ್ಟ್ ಮಾಡಿದರೆ ಅದು ಹುಸಿಯಾಗುತ್ತದೆ. ಇಂಥ ಪ್ರತಿ ಹಂಚಿಕೆಯ ಪಕ್ಕದಲ್ಲೂ ‘ಯಾರಿಗಾಗಿ’ ಎಂದು ಬರೆದಿಡಿ. ಬಳಕೆಯ ಪಟ್ಟಿ ಬದಲಾದಾಗ ವಾಪಸು ಪಡೆಯಬೇಕಾದ ಇವಿ ಯಾವುದೆಂದು ಆ ಟಿಪ್ಪಣಿಯೇ ಹೇಳುತ್ತದೆ.

ಡ್ಯಾಮೇಜ್ ಕ್ಯಾಲ್ಕ್ಯುಲೇಟರ್ ಬಳಸುವಾಗ ಒಂದೇ ಸಂಖ್ಯೆ ನೋಡಿ ನಿಲ್ಲಿಸಬೇಡಿ. ಪ್ರತಿ ಏಟಿಗೂ ಶೇ 85ರಿಂದ 100ರ ನಡುವೆ ಹದಿನಾರು ಸಾಧ್ಯತೆಗಳಿವೆ. ಹದಿನಾರರಲ್ಲಿ ಒಂದೇ ಒಂದು ಸಲ ಸಾಯುವುದನ್ನು ತಪ್ಪಿಸಲು ನಲವತ್ತು ಇವಿ ಸುರಿಯುವುದು ಮೂಗಿಗಿಂತ ಮೂಗುತಿ ಭಾರವಾದಂತೆ.

ಹಂತ 6: ಟೆರಾ ಯಾರಿಗೆ?

ಟೆರಾ ಎಂದರೆ ಪಂದ್ಯದ ನಡುವೆ ಪೊಕೆಮಾನ್‌ನ ಟೈಪ್ ಬದಲಿಸುವುದು. ಪಂದ್ಯಕ್ಕೆ ಒಂದೇ ಟೆರಾ. ಇಬ್ಬರು ಅದಿಲ್ಲದೆ ಕೆಲಸವೇ ಮಾಡಲಾರರು ಎಂದಾದರೆ ಪ್ರತಿ ಪಂದ್ಯದಲ್ಲೂ ಒಬ್ಬರು ಊನ. ಈ ತಂಡದಲ್ಲಿ ಅದು ಬಹುಮಟ್ಟಿಗೆ ಕಿಂಗ್ಯಾಂಬಿಟ್ ಆಸ್ತಿ. ಟೆರಾ ಫ್ಲೈಯಿಂಗ್ ಆದರೆ ನಾಲ್ಕು ಪಟ್ಟು ತಾಗುತ್ತಿದ್ದ ಫೈಟಿಂಗ್ ಅರ್ಧಕ್ಕಿಳಿಯುತ್ತದೆ, ಗ್ರೌಂಡ್ ತಾಗುವುದೇ ಇಲ್ಲ.

ಹಂತ 7: ಸೋತ ಆಟವನ್ನು ಹಿಂದಿನಿಂದ ಓದಿ

ಆನ್‌ಲೈನ್ ಪಂದ್ಯಗಳ ತಾಣವಾದ ಪೊಕೆಮಾನ್ ಶೋಡೌನ್‌ನಲ್ಲಿ ಪಂದ್ಯದ ರಿಪ್ಲೇ ಉಳಿಸಬಹುದು. ಕೊನೆಯ ಟರ್ನ್‌ನಿಂದ ಹಿಂದಕ್ಕೆ ಬನ್ನಿ. ಇನ್ನು ಗೆಲ್ಲಲು ಸಾಧ್ಯವೇ ಇಲ್ಲ ಎಂಬ ಸ್ಥಿತಿ ಎಲ್ಲಿ ಶುರುವಾಯಿತು? ಅದು ಸಾಮಾನ್ಯವಾಗಿ ನಿಮಗೆ ಅನ್ನಿಸಿದ್ದಕ್ಕಿಂತ ಬಹಳ ಮೊದಲಿರುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು ನಮ್ಮವರೊಬ್ಬರು ರಿಕವರ್ ಮಾಡುತ್ತಿರುವುದು, ಎದುರಾಳಿ ಬಲ ಕೂಡಿಸಿಕೊಳ್ಳುತ್ತಿರುವುದು. ಒಂಬತ್ತನೇ ತಲೆಮಾರಿನಲ್ಲಿ ರಿಕವರ್, ರೂಸ್ಟ್‌ಗಳು ಪಂದ್ಯವೊಂದಕ್ಕೆ ಹೆಚ್ಚೆಂದರೆ ಎಂಟು ಸಲ ಮಾತ್ರ. ಆದ್ದರಿಂದ ಕೂತು ಕಾಯುವ ಆಟ ಹಿಂದಿನಷ್ಟು ಅಗ್ಗವೂ ಅಲ್ಲ.

ಪ್ರತಿ ಸೋಲಿಗೂ ಮೂರರಲ್ಲಿ ಒಂದು ಗುರುತು ಹಾಕಿ: ಅದೃಷ್ಟ, ಆಟ, ತಂಡ. ಕ್ರಿಟಿಕಲ್ ಹಿಟ್‌ನ ಸಾಮಾನ್ಯ ಸಾಧ್ಯತೆ 24ರಲ್ಲಿ ಒಂದು. ಅದರಿಂದ ಸೋತಿರೆಂದು ತಂಡಕ್ಕೆ ಕತ್ತರಿ ಹಾಕಬೇಡಿ. ತಪ್ಪು ಸ್ವಿಚ್‌ನಿಂದ ಸೋತದ್ದು ಆಟದ ಖಾತೆಗೆ. ಮೂರನೇ ಗುರುತಿನ ಸೋಲುಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಎರಡನೇ ಹಂತಕ್ಕೆ ವಾಪಸಾಗಿ, ಆ ಹೆಸರಿನ ಮುಂದೆ ಮತ್ತೊಮ್ಮೆ ಎಣಿಸಿ.

ಆರರಲ್ಲಿ ನಾಲ್ವರನ್ನು ಆರಿಸಿ ಆಡುವ ಅಧಿಕೃತ ಡಬಲ್ಸ್‌ಗೂ ಇದೇ ವಿಧಾನ ನಡೆಯುತ್ತದೆ. ಅಲ್ಲಿ ಪಂದ್ಯ ಚಿಕ್ಕದು, ಮುಳ್ಳಿಗಿಂತ ವೇಗದ ಹಿಡಿತ ಮುಖ್ಯ. ಟೈಲ್‌ವಿಂಡ್ (ತನ್ನ ಕಡೆಯ ವೇಗ ಏರಿಸುವುದು) ಅಥವಾ ಟ್ರಿಕ್ ರೂಮ್ (ನಿಧಾನದವರಿಗೆ ಮೊದಲ ಸರದಿ ಕೊಡುವುದು) ಹಾಕಲು ಎದುರಾಳಿಗೆ ನಮ್ಮ ಯಾವ ಜೋಡಿ ಬಿಟ್ಟಿ ಟರ್ನ್ ಕೊಡುತ್ತದೆ ಎಂದು ಎಣಿಸಬೇಕು.

ಕೊನೆಗೊಂದು ಸಣ್ಣ ಮಾತು: ಪ್ರತಿ ಬದಲಾವಣೆಗೂ ಮುನ್ನ ಹಳೆಯ ತಂಡವನ್ನು ಬೇರೆ ಹೆಸರಲ್ಲಿ ಉಳಿಸಿಟ್ಟುಕೊಳ್ಳಿ. ಕ್ಲೆಫೇಬಲ್ ವಾಪಸು ಬರಬೇಕಾದ ತಿಂಗಳೂ ಬರಬಹುದು.