ಹಳೆಯ ಮೊಬೈಲ್ ಕೈಬಿಡುವ ಮುನ್ನ

ಹಳೆಯ ಮೊಬೈಲನ್ನು ಮಾರುವಾಗಲೂ ಮನೆಯವರಿಗೆ ಕೊಡುವಾಗಲೂ ಎಲ್ಲರನ್ನು ಕಾಡುವ ಪ್ರಶ್ನೆ ಒಂದೇ: ನನ್ನ ಫೋಟೊಗಳು ಬೇರೆಯವರ ಕೈಗೆ ಸಿಕ್ಕಿಬಿಟ್ಟರೆ? ಇತ್ತೀಚಿನ ಫೋನುಗಳಲ್ಲಿ ಹಾಗಾಗುವ ಸಂಭವ ಕಡಿಮೆ. ಅದಕ್ಕಿಂತ ಹೆಚ್ಚಾಗಿ ಆಗುವುದು, ನಮಗೇ ಬೇಕಾದದ್ದು ನಮ್ಮ ಕೈತಪ್ಪಿ ಹೋಗುವುದು. ರೀಸೆಟ್ ಮಾಡಲು, ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಅದನ್ನು ಮೊದಲಿನ ಸ್ಥಿತಿಗೆ ತರಲು, ಕೆಲವೇ ನಿಮಿಷ ಸಾಕು. ಅದಕ್ಕೆ ಮೊದಲಿನ ಕೆಲಸಗಳಿಗೆ ಒಂದು ಸಂಜೆಯನ್ನಾದರೂ ಎತ್ತಿಡಬೇಕು. ಹೊಸ ಫೋನ್ ಬಂದ ದಿನವೇ ಹಳೆಯದನ್ನು ಸಾಗಹಾಕುವ ಅವಸರವೂ ಬೇಡ. ಒಂದೆರಡು ವಾರ ಮನೆಯಲ್ಲೇ ಇರಲಿ. ಏನನ್ನು ವರ್ಗಾಯಿಸಲು ಮರೆತಿದ್ದೇವೆ ಎಂಬುದು ಬಳಸುವಾಗಲೇ ಗೊತ್ತಾಗುತ್ತದೆ.

ಮೊದಲು ಫೋಟೊ

ಗೂಗಲ್ ಫೋಟೋಸ್ ಅಥವಾ ಐಕ್ಲೌಡ್‌ನಲ್ಲಿ ಬ್ಯಾಕಪ್ ಆಗಿದೆ ಎಂದು ನಂಬಿ ಕೂರಬೇಡಿ. ಹೊಸ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಅದೇ ಖಾತೆ ತೆರೆದು, ತೀರಾ ಹಳೆಯ ಒಂದು ಫೋಟೊ, ನಿನ್ನೆ ಮೊನ್ನೆಯ ಒಂದು ವಿಡಿಯೊ ತೆರೆದುಕೊಳ್ಳುತ್ತವೆಯೇ ನೋಡಿ. ಉಚಿತವಾಗಿ ಸಿಗುವ ಜಾಗ ಗೂಗಲ್‌ನಲ್ಲಿ 15 ಜಿಬಿ, ಐಕ್ಲೌಡ್‌ನಲ್ಲಿ 5 ಜಿಬಿ. ಅದು ಎಂದೋ ತುಂಬಿ ಬ್ಯಾಕಪ್ ನಿಂತಿದ್ದರೂ, ಆ ಎಚ್ಚರಿಕೆಯನ್ನು ಪ್ರತಿಸಲ ಪಕ್ಕಕ್ಕೆ ಸರಿಸುತ್ತ ಬಂದವರಿಗೆ ಅದು ಗೊತ್ತೇ ಇರುವುದಿಲ್ಲ.

ಇಲ್ಲೇ ಇನ್ನೊಂದು ಅಪಾಯವಿದೆ. ‘ಬ್ಯಾಕಪ್ ಆಯಿತಲ್ಲ’ ಎಂದು ಹಳೆಯ ಫೋನಿನಲ್ಲಿ ಕುಳಿತು ಒಂದೊಂದೇ ಫೋಟೊ ಅಳಿಸತೊಡಗಿದರೆ, ಖಾತೆ ಇನ್ನೂ ಜೋಡಣೆಯಲ್ಲಿರುವುದರಿಂದ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್‌ನಲ್ಲಿ ಉಳಿಸಿಟ್ಟ ಪ್ರತಿಯೂ ಅಳಿಯುತ್ತದೆ, ಹೊಸ ಫೋನಿನಿಂದಲೂ ಮಾಯವಾಗುತ್ತದೆ. ಹೀಗೆ ಅಳಿದದ್ದು ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ 60 ದಿನ, ಐಕ್ಲೌಡ್‌ನಲ್ಲಿ 30 ದಿನ ಉಳಿದಿರುತ್ತದೆ, ಆಮೇಲೆ ಇಲ್ಲ. ಆದ್ದರಿಂದ ಫೋಟೊಗಳನ್ನು ಕೈಯಾರೆ ಅಳಿಸುವ ಕೆಲಸವೇ ಬೇಡ. ಆ ಕೆಲಸವನ್ನು ರೀಸೆಟ್ಟೇ ಮಾಡುತ್ತದೆ, ಮತ್ತು ರೀಸೆಟ್ ಕ್ಲೌಡ್‌ನಲ್ಲಿರುವುದನ್ನು ಮುಟ್ಟುವುದಿಲ್ಲ.

ಆಮೇಲೆ ಕೀಲಿಗಳು

ಜನ ಹೆಚ್ಚಾಗಿ ಮರೆಯುವುದು ಇದನ್ನು. ಲಾಗಿನ್ ಆಗುವಾಗ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್ ಬಳಸುತ್ತಿದ್ದರೆ, ಆ ಸಂಖ್ಯೆಯನ್ನು ಹುಟ್ಟಿಸುವ ಗುಟ್ಟು ಫೋನಿನೊಳಗೇ ಇರುತ್ತದೆ. ಗೂಗಲ್‌ನ ಆ್ಯಪ್‌ನಲ್ಲಿ 2023ರಿಂದ ಅದನ್ನು ಖಾತೆಯಲ್ಲಿ ಉಳಿಸಿಕೊಳ್ಳುವ ಅನುಕೂಲ ಬಂದಿದೆ. ಆದರೂ ಅದನ್ನು ನೀವು ಆನ್ ಮಾಡಿದ್ದೀರಾ ಎಂದು ನೋಡಿಕೊಳ್ಳಿ. ಇಲ್ಲವಾದರೆ ಆ್ಯಪ್‌ನಲ್ಲಿರುವ ವರ್ಗಾವಣೆಯ ಆಯ್ಕೆ ಒತ್ತಿ, ಮೂಡುವ ಕ್ಯೂಆರ್ ಕೋಡನ್ನು ಹೊಸ ಫೋನಿನಿಂದ ಸ್ಕ್ಯಾನ್ ಮಾಡಿ. ನಂತರ ಒಂದು ಖಾತೆಗಾದರೂ ಹೊಸ ಫೋನಿನ ಸಂಖ್ಯೆ ಕೊಟ್ಟು ಒಳಹೋಗಿ ಪರೀಕ್ಷಿಸಿ. ಇದನ್ನು ಬಿಟ್ಟು ರೀಸೆಟ್ ಮಾಡಿದವರು ತಮ್ಮದೇ ಖಾತೆಯ ಬಾಗಿಲಲ್ಲಿ ನಿಂತು ಗುರುತು ಸಾಬೀತುಪಡಿಸುತ್ತ ದಿನಗಟ್ಟಲೆ ಅಲೆಯಬೇಕಾಗುತ್ತದೆ.

ವಾಟ್ಸ್‌ಆ್ಯಪ್‌ನ ಮಾತುಕತೆಗಳು ಬೇಕಿದ್ದರೆ ಅದರ ಬ್ಯಾಕಪ್ ಬೇರೆಯೇ ತೆಗೆಯಬೇಕು. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿ ಮರೆತಿದ್ದರೆ ಅದನ್ನು ಕಂಪನಿಯೂ ತೆರೆದುಕೊಡಲಾರದು. ಬ್ಯಾಂಕ್ ಆ್ಯಪ್‌ಗಳನ್ನು ಹೊಸ ಫೋನಿನಲ್ಲಿ ನೋಂದಾಯಿಸಿ, ಒಂದು ವ್ಯವಹಾರ ಮಾಡಿ ನೋಡಿದ ಮೇಲೆ ಹಳೆಯದರಿಂದ ತೆಗೆದುಹಾಕಿ.

ಕಾರ್ಡು, ಖಾತೆ, ರೀಸೆಟ್: ಇದೇ ಕ್ರಮದಲ್ಲಿ

ಸಿಮ್ ತೆಗೆಯಲು ಯಾರೂ ಮರೆಯುವುದಿಲ್ಲ. ಮೆಮೊರಿ ಕಾರ್ಡ್ ತೆಗೆಯಲು ಮರೆಯುತ್ತಾರೆ. ಸಾಮಾನ್ಯ ರೀಸೆಟ್ ಅದರಲ್ಲಿರುವುದನ್ನು ಅಳಿಸುವುದಿಲ್ಲ. ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್) ಇದ್ದರೆ ಮೊದಲು ಹೊಸ ಫೋನಿಗೆ ವರ್ಗಾಯಿಸಿ.

ಬಳಿಕ ಖಾತೆಯಿಂದ ಹೊರಬನ್ನಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಖಾತೆಯನ್ನು ತೆಗೆಯಿರಿ. ಸ್ಯಾಮ್ಸಂಗ್‌ನಂಥ ಕಂಪನಿಯ ಪ್ರತ್ಯೇಕ ಖಾತೆ ಇದ್ದರೆ ಅದನ್ನೂ ತೆಗೆಯಿರಿ. ಐಫೋನ್‌ನಲ್ಲಿ ಕಳೆದುಹೋದ ಫೋನನ್ನು ಹುಡುಕುವ ‘ಫೈಂಡ್ ಮೈ’ ಸೌಲಭ್ಯವನ್ನು ಆಫ್ ಮಾಡಿ ಸೈನ್ ಔಟ್ ಆಗಿ. ಕದ್ದ ಫೋನು ಕಳ್ಳನಿಗೆ ಉಪಯೋಗಕ್ಕೆ ಬಾರದಿರಲಿ ಎಂದು ಆ್ಯಪಲ್ 2013ರಲ್ಲಿ, ಗೂಗಲ್ 2015ರಲ್ಲಿ ಒಂದು ಬೀಗ ತಂದವು: ರೀಸೆಟ್ ಆದ ಮೇಲೂ ಫೋನು ಹಳೆಯ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತದೆ. ನೀವು ಖಾತೆ ತೆಗೆಯದೆ ಮಾರಿದರೆ, ಫೋನಿಗೆ ಪ್ರಾಮಾಣಿಕವಾಗಿ ಹಣ ಕೊಟ್ಟವರೂ ಈ ಬೀಗದ ಮುಂದೆ ಕಳ್ಳರಂತೆಯೇ ನಿಲ್ಲಬೇಕಾಗುತ್ತದೆ. ಆಗ ಅವರು ಪಾಸ್‌ವರ್ಡ್ ಕೇಳಿ ನಿಮಗೆ ಕರೆ ಮಾಡುತ್ತಾರೆ. ಅದನ್ನು ಯಾರಿಗೂ ಹೇಳುವಂತಿಲ್ಲ.

ಕೊನೆಯದು ರೀಸೆಟ್. ಆಂಡ್ರಾಯ್ಡ್ 10 ಅಥವಾ ಅನಂತರದ ಆವೃತ್ತಿಯೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಮಾಹಿತಿಯನ್ನು ಗೂಢಲಿಪಿಯಲ್ಲಿಡುವುದು (ಎನ್‌ಕ್ರಿಪ್ಷನ್) ಕಡ್ಡಾಯ. ಐಫೋನ್‌ಗಳಲ್ಲಿ ಇದು ಇನ್ನೂ ಮೊದಲಿನಿಂದಲೇ ಇದೆ. ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. ಚಿಪ್‌ನಲ್ಲಿ ಏನಾದರೂ ಉಳಿದಿದ್ದರೂ ಅದು ಅರ್ಥವಿಲ್ಲದ ಅಕ್ಷರರಾಶಿ. ಹಾಗಾಗಿ ಫೋನಿನ ತುಂಬ ಬೇಡದ ವಿಡಿಯೊ ತುಂಬಿಸಿ ಮತ್ತೆ ಮತ್ತೆ ರೀಸೆಟ್ ಮಾಡಿ ಎಂಬ ಹಳೆಯ ಸಲಹೆಯನ್ನು ಇಂಥ ಫೋನುಗಳಿಗೆ ಅನ್ವಯಿಸಬೇಕಿಲ್ಲ. ಅದಕ್ಕೂ ಹಿಂದಿನ ಆಂಡ್ರಾಯ್ಡ್ ಫೋನಾದರೆ, ಸೆಟ್ಟಿಂಗ್ಸ್‌ನ ಭದ್ರತೆಯ ವಿಭಾಗದಲ್ಲಿ ಎನ್‌ಕ್ರಿಪ್ಷನ್ ಆನ್ ಆಗಿದೆಯೇ ನೋಡಿ, ಇಲ್ಲವಾದರೆ ಆನ್ ಮಾಡಿದ ಬಳಿಕ ರೀಸೆಟ್ ಮಾಡಿ. ಮುಗಿದ ಮೇಲೆ ಹೊಸ ಫೋನಿನಿಂದ ನಿಮ್ಮ ಖಾತೆಯ ಸಾಧನಗಳ ಪಟ್ಟಿ ತೆರೆದು, ಅಲ್ಲಿ ಹಳೆಯದರ ಹೆಸರು ಇನ್ನೂ ಇದ್ದರೆ ತೆಗೆದುಹಾಕಿ.

ಪರದೆ ಒಡೆದು ಏನೂ ಕಾಣದಿದ್ದರೆ? ಫೋನು ಚಾಲೂ ಇದ್ದು ಇಂಟರ್ನೆಟ್ ಸಂಪರ್ಕವಿದ್ದರೆ, ಕಳೆದುಹೋದ ಫೋನನ್ನು ಹುಡುಕುವ ಸೌಲಭ್ಯದ ಮೂಲಕ ದೂರದಿಂದಲೇ ಅಳಿಸಬಹುದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್‌ಗೆ ಹಾಕಲೇಬೇಡಿ, ಚುಚ್ಚಬೇಡಿ, ಕಸಕ್ಕೂ ಎಸೆಯಬೇಡಿ. ಅಂಥದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು.

ಇನ್ನು, ಮನೆಯ ಹಿರಿಯರಿಗೆ ಕೊಡುವ ಮಾತು. ಸುರಕ್ಷತೆಯ ಅಪ್‌ಡೇಟ್ ಬರುವುದು ನಿಂತ ಫೋನು ಹಾಡು ಕೇಳಲು, ವಿಡಿಯೊ ಕರೆಗೆ ನಡೆಯುತ್ತದೆ. ಆದರೆ ಬ್ಯಾಂಕಿನ ಆ್ಯಪ್ ಹಾಕಿಕೊಡಲು ಅದು ತಕ್ಕದ್ದಲ್ಲ. ವಂಚಕರು ಮೊದಲು ಹುಡುಕುವುದೇ ಹಿರಿಯರನ್ನು. ಅವರ ಕೈಗೇ ಮನೆಯ ಅತ್ಯಂತ ದುರ್ಬಲ ಫೋನನ್ನು ದಾಟಿಸುವ ನಮ್ಮ ರೂಢಿ ನನಗಂತೂ ಸರಿಕಾಣುವುದಿಲ್ಲ. ಸಾಧ್ಯವಾದರೆ ಹೊಸದನ್ನು ಅವರಿಗೆ ಕೊಡಿ, ಹಳೆಯದನ್ನು ಇನ್ನೊಂದು ವರ್ಷ ನೀವೇ ಬಳಸಿ.