ಪ್ಯಾಕೇಜ್ ಹಾಕೋದು ಬೇರೆ, ಕಾನ್ಫಿಗರ್ ಮಾಡೋದು ಬೇರೆ: ನನ್ನ ಅನುಭವ

ನಾನು ನೋಡಿಕೊಳ್ಳುವ ಡೆಬಿಯನ್ ಲಿನಕ್ಸ್ ಸರ್ವರ್‌ಗಳಿಗೆ ಮೊದಲು ಒಂದೇ ಸ್ಕ್ರಿಪ್ಟ್ ಇತ್ತು. ಪ್ಯಾಕೇಜ್ ಹಾಕುತ್ತಿದ್ದುದೂ ಅದೇ, ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ಮುಖ್ಯ ಕಾನ್ಫಿಗ್ ಫೈಲ್ ತಿದ್ದುತ್ತಿದ್ದುದೂ ಅದೇ. ಒಂದು ರಾತ್ರಿ, ನಿಗದಿತ ಹೊತ್ತಿಗೆ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ ಅಪ್‌ಗ್ರೇಡ್ ಓಡಿತು. ಹೊಸ ಪ್ಯಾಕೇಜ್‌ನಲ್ಲೂ ಆ ಫೈಲ್ ಬದಲಾಗಿತ್ತು. ನಿಮ್ಮದನ್ನೇ ಇಡಲೇ, ಹೊಸದು ಹಾಕಲೇ ಎಂದು ಪ್ಯಾಕೇಜ್ ಹಾಕುವ ಡಿಪಿಕೆಜಿ ಕೇಳಿದೆ. ಉತ್ತರ ಕೊಡಲು ಅಲ್ಲಿ ಯಾರೂ ಇಲ್ಲ ಅಲ್ವಾ? ಡಿಪಿಕೆಜಿಯನ್ನು ಓಡಿಸುವ ಆಪ್ಟ್‌ಗೆ ‘ಹೌದು’ ಎನ್ನುವ ಮೈನಸ್ ವೈ ಕೊಟ್ಟಿದ್ದೆ, ಆದರೆ ಈ ಪ್ರಶ್ನೆಗೆ ಅದು ಸಾಲದು.

ಬೆಳಿಗ್ಗೆ ಡಿಪಿಕೆಜಿ ಮೈನಸ್ ಎಲ್ ಕೊಟ್ಟು ನೋಡಿದೆ. ಎಂಜಿನ್‌ಎಕ್ಸ್-ಕಾಮನ್ ಸಾಲಿನ ಮುಂದೆ ‘ಐಐ’ ಇರಬೇಕಾದ ಕಡೆ ‘ಐಯು’ ಇತ್ತು. ಫೈಲ್‌ಗಳು ಡಿಸ್ಕ್‌ಗೆ ಬಂದಿವೆ, ಕಾನ್ಫಿಗರ್ ಆಗಿಲ್ಲ ಅಂತ ಅರ್ಥ. ಡಿಪಿಕೆಜಿಗೆ ಅನ್‌ಪ್ಯಾಕ್ ಒಂದು ಹಂತ, ಕಾನ್ಫಿಗರ್ ಇನ್ನೊಂದು. ಎರಡನ್ನೂ ಒಂದೇ ಗಂಟು ಹಾಕಿದ್ದು ನಾನು. ಡಿಪಿಕೆಜಿ ಕಾನ್ಫಿಗರ್ ಮೈನಸ್ ಎ ಓಡಿಸಿ, ಪ್ರಶ್ನೆಗೆ ‘ಎನ್’ ಒತ್ತಿ, ಹಳೆಯ ಫೈಲ್ ಉಳಿಸಿಕೊಂಡೆ. ಆಮೇಲೆ ಸ್ಕ್ರಿಪ್ಟನ್ನು ಎರಡು ಮಾಡಿದೆ.

ಮೊದಲನೆಯದು ಪ್ಯಾಕೇಜ್ ಮಾತ್ರ ಹಾಕುತ್ತದೆ. ಡೆಬಿಯನ್‌ನಲ್ಲಿ ಒಂದು ತೊಡಕಿದೆ: ಪ್ಯಾಕೇಜ್ ಕೂತ ತಕ್ಷಣ ಸರ್ವಿಸ್ ಶುರುವಾಗುತ್ತದೆ, ಅದೂ ಡಿಫಾಲ್ಟ್ ಕಾನ್ಫಿಗ್‌ನಲ್ಲಿ. ಅದನ್ನು ತಡೆಯಲು ಯುಎಸ್‌ಆರ್ ಎಸ್‌ಬಿನ್‌ನಲ್ಲಿ ‘ಪಾಲಿಸಿ-ಆರ್‌ಸಿ.ಡಿ’ ಎಂಬ ಪುಟ್ಟ ಸ್ಕ್ರಿಪ್ಟ್ ಇಡುತ್ತೇನೆ. ಅದು ಮಾಡುವುದಿಷ್ಟೇ, ಎಕ್ಸಿಟ್ 101. ಅಂದರೆ ‘ಈಗ ಬೇಡ’. ಅದಕ್ಕೆ ಎಕ್ಸಿಕ್ಯೂಟ್ ಪರ್ಮಿಶನ್ ಕೊಡಲೇಬೇಕು, ಕೆಲಸ ಮುಗಿದ ಮೇಲೆ ಆ ಸ್ಕ್ರಿಪ್ಟನ್ನು ತೆಗೆಯಲೂಬೇಕು. ಸರ್ವಿಸ್ ಎನೇಬಲ್ ಆಗಿಯೇ ಇರುತ್ತದೆ, ರೀಬೂಟ್ ಆದರೆ ಶುರುವಾಗಿಬಿಡುತ್ತದೆ, ಹಾಗಾಗಿ ನಡುವೆ ರೀಬೂಟ್ ಮಾಡುವುದಿಲ್ಲ.

ಪ್ರಶ್ನೆಗಳ ವಿಷಯಕ್ಕೆ ಬಂದರೆ, ನಾನ್‌ಇಂಟರಾಕ್ಟಿವ್ ಫ್ರಂಟ್‌ಎಂಡ್ ಎಂಬ ಸೆಟ್ಟಿಂಗ್, ಪ್ಯಾಕೇಜ್‌ಗಳ ಪರವಾಗಿ ಪ್ರಶ್ನೆ ಕೇಳುವ ಡೆಬ್‌ಕಾನ್ಫ್ ಕೇಳುವುದನ್ನು ಮಾತ್ರ ನಿಲ್ಲಿಸುತ್ತದೆ. ಡಿಪಿಕೆಜಿಯ ಕಾನ್ಫಿಗ್ ಫೈಲ್ ಪ್ರಶ್ನೆಗೆ, ಹಳೆಯದನ್ನೇ ಇಡು ಎನ್ನುವ ಫೋರ್ಸ್-ಕಾನ್ಫ್‌ಓಲ್ಡ್ ಬೇಕು.

ಎರಡನೆಯ ಸ್ಕ್ರಿಪ್ಟ್ ಕಾನ್ಫಿಗ್‌ನದು. ಪ್ಯಾಕೇಜ್ ತಂದ ಮುಖ್ಯ ಫೈಲನ್ನು ಈಗ ಮುಟ್ಟುವುದೇ ಇಲ್ಲ. ನನ್ನ ಸಾಲುಗಳೆಲ್ಲ ಎಂಜಿನ್‌ಎಕ್ಸ್ ತಾನೇ ಓದುವ ಕಾನ್ಫ್.ಡಿ ಫೋಲ್ಡರ್‌ನಲ್ಲಿ ನನ್ನದೇ ಫೈಲ್‌ನಲ್ಲಿವೆ. ಮುಂಚೆ ಫೈಲ್‌ನ ಕೊನೆಗೆ ಸುಮ್ನೆ ಸಾಲು ಸೇರಿಸುತ್ತಿದ್ದೆ. ಮೂರು ಸಲ ಓಡಿಸಿದರೆ ಅದೇ ಸಾಲು ಮೂರು ಸಲ. ಈಗ ಪ್ರತಿ ಸಲವೂ ಇಡೀ ಫೈಲನ್ನೇ ಹೊಸದಾಗಿ ಬರೆಯುತ್ತೇನೆ. ನಂತರ ಕಾನ್ಫಿಗ್ ಸರಿಯಿದೆಯೇ ಎಂದು ನೋಡಲು ಎಂಜಿನ್‌ಎಕ್ಸ್ ಮೈನಸ್ ಟಿ. ಅದು ಸರಿ ಎಂದರೆ ಮಾತ್ರ ಸರ್ವಿಸ್ ಸ್ಟಾರ್ಟ್, ಆಗಲೇ ಓಡುತ್ತಿದ್ದರೆ ರೀಲೋಡ್.